ಭೀಮಾತೀರದ ಒಕ್ಕಲಿಗನೂ ಆತನ ಕೃಷಿಶಿಕ್ಷಣವೂ

ಶ್ರೀಮಠದ ಮಹೋತ್ಸವದ ನಿಮಿತ್ತವಾಗಿ ಹೊರಡುವ ಈ ಸ್ಮಾರಕ ಸಂಪುಟದಲ್ಲಿ ಧರ್ಮ, ಸಾಹಿತ್ಯ, ವಿದ್ಯಾಪ್ರಸಾರಗಳ ವಿಷಯವಾದ ಲೇಖನಗಳೊಡನೆ ಒಕ್ಕಲುತನದ ಚರಿತ್ರೆಗೂ ಒಂದು ಸ್ಥಳ ದೊರೆತಿರುವದು ಯುಕ್ತವೇ ಆಗಿದೆ. ಏಕಂದರೆ ಈ ಸೀಮೆಯಲ್ಲಿ ಮಠಗಳಿಗೆ ನಡೆದುಕೊಳ್ಳುವ ಭಕ್ತರಲ್ಲಿ ಬಹುಸಂಖ್ಯಾತರು ಒಕ್ಕಲಿಗರು. ದಾಸೋಹದ ಪ್ರಸಾದವು ಒಲೆಯ ಮೇಲೆ ಬೇಯುವದಕ್ಕೆ ಮೊದಲು ಹೊಲದಲ್ಲಿ ಬೆಳೆಯಬೇಕಾಗುತ್ತದೆ.

ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳ ಸಣ್ಣ ಹಿಡುವಳಿದಾರರಿಗೆ ಕೃಷಿಯ ಹೊಸ ತಿಳಿವಳಿಕೆಯನ್ನು ಕೊಡುವ ಪ್ರಯತ್ನಗಳು ಸುಮಾರು ನೂರು ವರ್ಷಗಳಿಂದ ನಡೆದು ಬಂದಿವೆ. ಅವುಗಳಲ್ಲಿ ಕೆಲವು ಫಲಿಸಿದವು, ಕೆಲವು ಬಾಡಿದವು. ಕಾರಣವೇನೆಂದು ವಿಚಾರಿಸುವದೇ ಈ ಲೇಖನದ ಉದ್ದೇಶವು. ಈ ವಿಚಾರಕ್ಕೆ ಒಂದೇ ಒರೆಗಲ್ಲು ಸಾಕು: ಹೇಳಿಕೊಟ್ಟ ಪಾಠವು ಹೊಲದಲ್ಲಿ ಕೆಟ್ಟರೆ ಆ ನಷ್ಟವನ್ನು ಹೊರುವವರು ಯಾರು?

ನೆಲ ಮತ್ತು ಮಳೆ

ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟುತ್ತದೆ. ಹೀಗೆ ಮೂರೂ ತಾಲ್ಲೂಕುಗಳು ಒಂದೇ ನೀರಿನ ನಂಟಿನಿಂದ ಕೂಡಿಕೊಂಡಿರುವವು. ಆದರೆ ಹೊಳೆಯ ನೀರು ಹೊಲಕ್ಕೆ ಏರಿದ್ದು ಇತ್ತೀಚಿನ ಮಾತು. ಅಮರ್ಜಾ ಜಲಾಶಯ, ಸೊನ್ನದ ಬ್ಯಾರೇಜು, ನಾರಾಯಣಪುರ ಎಡದಂಡೆಯ ಜೇವರ್ಗಿ ಶಾಖಾ ಕಾಲುವೆ ಇವೆಲ್ಲ ಆದ ಮೇಲೂ ಇಲ್ಲಿಯ ಒಕ್ಕಲುತನದ ಬಹುಭಾಗವು ಮಳೆಯನ್ನೇ ನಂಬಿಕೊಂಡಿದೆ.

ನೆಲವು ಎರೆ. ಹದವಾಗಿ ಮಳೆ ಹಿಡಿದರೆ ಹಿಂಗಾರಿ ಜೋಳವನ್ನು ಒಳತೇವದ ಮೇಲೆಯೇ ಬೆಳೆಯಿಸಿ ಕೊಡುವ ಉದಾರಿ; ಒಣಗಿದರೆ ಕೈ ತೂರುವಷ್ಟು ಬಿರಿಯುವ ನಿಷ್ಠುರಿ. ಮುಂಗಾರಿಯಲ್ಲಿ ಬಿತ್ತಿದ ತೊಗರಿಯು ಐದಾರು ತಿಂಗಳು ಹೊಲದಲ್ಲಿ ನಿಂತು ಚಳಿಗಾಲದಲ್ಲಿ ರಾಶಿಗೆ ಬರುತ್ತದೆ. ಆದುದರಿಂದ ಮೂರು ನಾಲ್ಕು ಎಕರೆಯ ಒಕ್ಕಲಿಗನಿಗೆ ವರುಷಕ್ಕೆ ಒಂದೇ ಪರೀಕ್ಷೆ. ನೂರು ಎಕರೆಯ ಸಾವುಕಾರನು ಒಂದು ಮೂಲೆಯಲ್ಲಿ ಹೊಸ ಬೀಜವನ್ನು ಬಿತ್ತಿ ನೋಡಬಹುದು. ಕೆಟ್ಟರೆ ಅದು ಆತನಿಗೆ ಅನುಭವವೆನಿಸುವದು. ಸಣ್ಣ ಒಕ್ಕಲಿಗನಿಗೆ ಅದೇ ಕೇಡು ಮನೆಯ ಹಗೇವನ್ನು ಬರಿದುಮಾಡುವದು. ಆತನು ಹೊಸದಕ್ಕೆ ಒಡನೆ ಕೈಹಾಕದಿರುವದನ್ನು ಪಟ್ಟಣದ ಜನರು ಜಡತ್ವವೆಂದು ಜರಿಯುತ್ತಾರೆ; ವಾಸ್ತವದಲ್ಲಿ ಅದು ಲೆಕ್ಕಾಚಾರವೇ ಸರಿ.

ಶರಣರ ಪರಂಪರೆ

ಒಕ್ಕಲುತನವನ್ನು ಕಾಯಕವೆಂದು ಮನ್ನಿಸಿದ ನಾಡು ಇದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಒಕ್ಕಲಿಗ ಮುದ್ದಣ್ಣನೆಂಬಾತನು ಕಾಯಕದ ಹೆಸರಿನಿಂದಲೇ ಪ್ರಸಿದ್ಧನಾಗಿದ್ದಾನೆ. ಹದಿನೆಂಟನೆಯ ಶತಮಾನದಲ್ಲಿ ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಜನಿಸಿ ಮುಂದೆ ಕಲಬುರಗಿಯಲ್ಲಿ ನೆಲೆಸಿದ ಶ್ರೀ ಶರಣಬಸವೇಶ್ವರರು ಸ್ವತಃ ಹೊಲದಲ್ಲಿ ದುಡಿದವರು. ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರನ್ನೂ ಇಟ್ಟರೆಂದೂ, ಆದರೂ ರಾಶಿಯು ತುಂಬಿ ಬಂದಿತೆಂದೂ ಭಕ್ತರು ಹೇಳುತ್ತಾರೆ. ಈ ಕಥೆಯಲ್ಲಿ ಪವಾಡದೊಡನೆ ಒಂದು ಲೌಕಿಕ ತತ್ತ್ವವೂ ಅಡಗಿರುವದು: ಹೊಲದ ಬೆಳೆಯು ಒಬ್ಬನ ಸ್ವತ್ತಲ್ಲ, ಹೊಲದ ನಷ್ಟವೂ ಒಬ್ಬನದಾಗಬಾರದು. ಕಾಯಕವು ದುಡಿಮೆಯನ್ನು ಕಲಿಸಿತು. ದಾಸೋಹವು ಹಂಚಿಕೆಯನ್ನು ಕಲಿಸಿತು. ಕೃಷಿಶಿಕ್ಷಣದ ಮುಂದಿನ ಚರಿತ್ರೆಯನ್ನು ನೋಡಿದರೆ ಈ ಎರಡೂ ಕೂಡಿದಲ್ಲಿ ಫಲವೂ, ಅಗಲಿದಲ್ಲಿ ಕೇಡೂ ಕಂಡುಬರುತ್ತದೆ.

ನಿಜಾಮರ ಆಳ್ವಿಕೆಯ ಕಾಲ

1948ನೆಯ ಇಸವಿಯ ಸೆಪ್ಟೆಂಬರ 17ರ ವರೆಗೆ ಈ ಸೀಮೆಯು ಹೈದರಾಬಾದ ಸಂಸ್ಥಾನಕ್ಕೆ ಸೇರಿತ್ತು. ಎಷ್ಟೋ ಹಳ್ಳಿಗಳು ಜಾಗೀರು, ಪಾಯಗಾಗಳ ಕೈಯಲ್ಲಿದ್ದವು. ಸರಕಾರದ ಭಾಷೆ ಉರ್ದು, ಒಕ್ಕಲಿಗನ ಭಾಷೆ ಕನ್ನಡ. ಬರೆದ ವಿದ್ಯೆಯು ಹೊಲದ ಬದುವಿನವರೆಗೆ ಬರುವದಕ್ಕೆ ಇದೊಂದೇ ಅಡ್ಡಿಯು ಸಾಕಾಗಿತ್ತು.

ಆದರೂ ಆ ಕಾಲದಲ್ಲಿಯೇ ಒಂದು ದೊಡ್ಡ ಕಾರ್ಯವು ನಮ್ಮ ಸುತ್ತಲೂ ನಡೆಯಿತು. 1933ರಿಂದ ಮುಂದಿನ ಎರಡು ಮೂರು ವರ್ಷಗಳಲ್ಲಿ ಭಾರತದ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಲಿಯು ಮಳೆ ಕಡಿಮೆಯಾದ ಪ್ರದೇಶಗಳ ಸಲುವಾಗಿ ಐದು ಒಣಬೇಸಾಯದ ಕೇಂದ್ರಗಳನ್ನು ನಡೆಯಿಸಿತು. ಅವು ಸೊಲ್ಲಾಪುರ, ವಿಜಾಪುರ, ಬಳ್ಳಾರಿ ಸೀಮೆಯ ಹಗರಿ, ರಾಯಚೂರು ಮತ್ತು ಪಂಜಾಬ ಪ್ರಾಂತದ ರೋಹತಕ. ಐದರಲ್ಲಿ ನಾಲ್ಕು ನಮ್ಮ ಸೀಮೆಯ ಆಸುಪಾಸಿನಲ್ಲಿಯೇ ಇದ್ದುದನ್ನು ವಾಚಕರು ಲಕ್ಷಿಸಬೇಕು. ಆಳಂದ, ಅಫಜಲಪುರಗಳಿಗೆ ಸೊಲ್ಲಾಪುರ ಜಿಲ್ಲೆಯು ನೆರೆಯದು. ಅಫಜಲಪುರ, ಜೇವರ್ಗಿಗಳಿಗೆ ವಿಜಾಪುರ ಜಿಲ್ಲೆಯು ನೆರೆಯದು.

ಆ ಕೇಂದ್ರಗಳು ಕಂಡುಹಿಡಿದ ಪಾಠಗಳು ಇಂದಿಗೂ ಸುಳ್ಳಾಗಿಲ್ಲ. ಇಳಿಜಾರಿಗೆ ಅಡ್ಡವಾಗಿ ಒಡ್ಡು ಹಾಕಬೇಕು. ಮೂರು ವರ್ಷಕ್ಕೊಮ್ಮೆ ಆಳವಾಗಿ ನೇಗಿಲು ಹೂಡಬೇಕು. ತಿಪ್ಪೆಗೊಬ್ಬರವನ್ನು ಧಾರಾಳವಾಗಿ ಹಾಕಬೇಕು. ಬೀಜವನ್ನು ಕಡಿಮೆಮಾಡಿ ಸಾಲನ್ನು ಅಗಲಮಾಡಬೇಕು. ಎಡೆಕುಂಟೆಯನ್ನು ಮೇಲಿಂದ ಮೇಲೆ ಹಾಯಿಸಿ ಬಿರುಕುಗಳನ್ನು ಮುಚ್ಚಿ ತೇವವನ್ನು ಉಳಿಸಬೇಕು. ಬಿಳಿಜೋಳದಲ್ಲಿ ಸೊಲ್ಲಾಪುರದ ಬಳಿಯ ಮೋಹೋಳದಲ್ಲಿ ಆರಿಸಿ ತೆಗೆದ ಮಾಲದಂಡಿಯ ‘ಎಂ. 35-1’ ಎಂಬ ತಳಿಯು ಭೀಮೆಯ ಎರಡೂ ದಂಡೆಗಳಲ್ಲಿ ಹಬ್ಬಿತು.

ಇವುಗಳಲ್ಲಿ ಬೀಜವು ಹಬ್ಬಿತು, ಒಡ್ಡು ಹಬ್ಬಲಿಲ್ಲ. ಇದಕ್ಕೆ ಕಾರಣವು ಸ್ಪಷ್ಟವಾಗಿದೆ. ಒಂದು ಪಡಿ ಬೀಜವನ್ನು ನೆರೆಯವನಿಂದ ಕಡ ತರಬಹುದು. ಕೆಟ್ಟರೆ ನಷ್ಟವು ಅಲ್ಪ. ಒಡ್ಡಾದರೋ ಹೊಲದ ಮೇರೆಯನ್ನು ನೋಡದು, ಇಳಿಜಾರನ್ನು ನೋಡುವದು. ನಾಲ್ಕು ಜನರು ಒಪ್ಪದೆ ಅದು ಏಳುವದಿಲ್ಲ. ಆಳವಾಗಿ ಉಳಲು ಎರಡು ಮೂರು ಜೊತೆ ಎತ್ತು ಬೇಕು; ಇದ್ದದ್ದು ಒಂದು ಜೊತೆ, ಕೆಲವರಿಗೆ ಅದೂ ಇಲ್ಲ. ಲಾವಣಿಯ ಹೊಲಕ್ಕೆ ಒಡ್ಡು ಹಾಕಿದವನು ಮುಂದಿನ ವರ್ಷ ಆ ಹೊಲದಲ್ಲಿ ಇರುವನೆಂಬ ಭರವಸೆಯಿರಲಿಲ್ಲ. ಶಾಸ್ತ್ರವು ನಿರ್ದುಷ್ಟವಾಗಿತ್ತು, ಅದನ್ನು ಆಚರಿಸುವ ಆಧಾರವು ಒಕ್ಕಲಿಗನ ಕೈಯಲ್ಲಿರಲಿಲ್ಲ.

ಪರದೇಶದ ಒಂದು ದೃಷ್ಟಾಂತ

ಅಮೇರಿಕೆಯ ಟೆಕ್ಸಸ್ ಪ್ರಾಂತದ ಟೆರೆಲ್ ಎಂಬ ಊರಲ್ಲಿ 1903ರಲ್ಲಿ ನಡೆದ ಒಂದು ಸಂಗತಿಯು ಇಲ್ಲಿ ಸ್ಮರಣೀಯವಾಗಿದೆ. ಸೀಮನ್ ನ್ಯಾಪ್ ಎಂಬ ಕೃಷಿಪಂಡಿತನು ಸರಕಾರದ ಮಾದರಿಯ ಹೊಲಗಳನ್ನು ನೋಡಿ ರೈತರು ಕಲಿಯರೆಂದು ತಿಳಿದು, ಪೋರ್ಟರ್ ಎಂಬ ರೈತನ ಸ್ವಂತ ಹೊಲದಲ್ಲಿಯೇ ಹೊಸ ಪದ್ಧತಿಯನ್ನು ಆತನ ಕೈಯಿಂದಲೇ ಮಾಡಿಸಿದನು. ಇಷ್ಟೇ ಆಗಿದ್ದರೆ ವಿಶೇಷವಿರಲಿಲ್ಲ. ಆ ಊರಿನ ವರ್ತಕರೂ ಗೃಹಸ್ಥರೂ ಕೂಡಿ, ಪ್ರಯೋಗವು ಕೆಟ್ಟರೆ ರೈತನ ನಷ್ಟವನ್ನು ತುಂಬಿಕೊಡಲು ಮೊದಲೇ ಒಂದು ನಿಧಿಯನ್ನು ಕೂಡಿಸಿಟ್ಟರು. ನಿಧಿಯನ್ನು ಮುಟ್ಟುವ ಪ್ರಸಂಗವೇ ಬರಲಿಲ್ಲ, ರೈತನಿಗೆ ಲಾಭವಾಯಿತು. 1914ರಲ್ಲಿ ಆ ದೇಶವು ಕಾನೂನಿನ ಮೂಲಕ ಸ್ಥಾಪಿಸಿದ ಕೃಷಿಪ್ರಸಾರ ವ್ಯವಸ್ಥೆಗೆ ಈ ಹೊಲವು ಒಂದು ಮೂಲವಾಯಿತು. ಮುಂದೆ ಲೋಕವೆಲ್ಲ ಪ್ರಾತ್ಯಕ್ಷಿಕೆಯನ್ನು ಅನುಕರಿಸಿತು. ನಿಧಿಯನ್ನು ಮಾತ್ರ ಬಹಳ ಕಡೆಗಳಲ್ಲಿ ಮರೆಯಿತು.

ಸ್ವಾತಂತ್ರ್ಯಾನಂತರ

1949ರಲ್ಲಿ ಜಾಗೀರುಗಳು ರದ್ದಾದವು; 1950ರಲ್ಲಿ ಹೈದರಾಬಾದ ಗೇಣಿ ಕಾಯಿದೆಯು ಬಂದಿತು; 1956ನೆಯ ನವೆಂಬರ 1ರಂದು ಈ ಸೀಮೆಯು ಕನ್ನಡ ನಾಡಿನೊಡನೆ ಒಂದಾಯಿತು. ಹೊಲದ ಮೇಲಿನ ಹಕ್ಕು ಭದ್ರವಾಗುತ್ತ ಬಂದಂತೆ ಒಡ್ಡು, ಗೊಬ್ಬರಗಳ ಮಾತಿಗೆ ಅರ್ಥವು ಬಂದಿತು. 1952ನೆಯ ಅಕ್ಟೋಬರ 2ರಂದು ದೇಶದಲ್ಲಿ ಸಮುದಾಯ ವಿಕಾಸ ಯೋಜನೆಯು ಆರಂಭವಾಗಿ, ಗ್ರಾಮಸೇವಕನೆಂಬ ಹೊಸ ಗುರುವು ಹಳ್ಳಿಗೆ ಬಂದನು. 1970ರ ದಶಕದ ಕೊನೆಯಲ್ಲಿ ‘ತರಬೇತಿ ಮತ್ತು ಭೇಟಿ’ ಪದ್ಧತಿಯು ಬಂದಿತು. ಗೊತ್ತಾದ ದಿವಸ ಸಂಪರ್ಕ ರೈತನನ್ನು ಕಂಡು ಪಾಠ ಹೇಳುವದು, ಆತನಿಂದ ಉಳಿದವರು ಕಲಿಯುವದು ಇದರ ಕ್ರಮ. ಆದರೆ ಸಂಪರ್ಕಕ್ಕೆ ಅನುಕೂಲಸ್ಥನೇ ಸಿಗುವದು ಸಹಜ. ಆತನ ಹೊಲದಲ್ಲಿ ಗೆದ್ದ ಪಾಠವು ಸಾಲದ ಹೊರೆಯ ನೆರೆಯವನ ಹೊಲದಲ್ಲಿ ಗೆಲ್ಲಬೇಕೆಂಬ ನಿಯಮವಿಲ್ಲ.

ತೊಗರಿಯು ಕಲಿಸಿದ ಪಾಠಗಳು

ಪೂರ್ವಿಕರು ತೊಗರಿಯನ್ನು ಜೋಳದ ನಡುವೆ ಸಾಲುಗಟ್ಟಿ ಬಿತ್ತುತ್ತಿದ್ದರು. ಪೇಟೆಯ ಬೆಲೆಯು ಏರಿದಂತೆ ಹೊಲತುಂಬ ತೊಗರಿಯೊಂದೇ ನಿಂತಿತು. ನೆಟೆ ರೋಗದ ಶಿಲೀಂಧ್ರವು ಮಣ್ಣಿನಲ್ಲಿಯೂ ಕೊಳೆಯದ ಬೇರುಗಳಲ್ಲಿಯೂ ಹಲವು ವರ್ಷ ಬದುಕುವಂಥದು. ಜೋಳದ ಜೊತೆಯಿದ್ದಾಗ ಅದರ ಬಾಧೆಯು ಕಡಿಮೆ. ಒಂದೇ ಬೆಳೆಯು ಮರುಕಳಿಸಿದರೆ ಅದಕ್ಕೆ ಹಬ್ಬವು. 1986ರಲ್ಲಿ ಪಟಾನಚೆರುವಿನ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನಿಂದ ಬಂದ ‘ಮಾರುತಿ’ ತಳಿಯು ನೆಟೆಯನ್ನು ತಡೆದು ಕೆಲವೇ ವರ್ಷಗಳಲ್ಲಿ ಈ ಸೀಮೆಯ ಹೊಲಗಳಲ್ಲಿ ತುಂಬಿತು. ಒಬ್ಬನ ಕಣದಿಂದ ಇನ್ನೊಬ್ಬನ ಕೂರಿಗೆಗೆ ಬೀಜವು ಕೈಕೈಗೆ ದಾಟಿತು. ಅಲ್ಪ ವೆಚ್ಚ, ಅಲ್ಪ ಅಪಾಯ, ಕಣ್ಣೆದುರಿನ ಫಲ: ಈ ಮೂರೂ ಕೂಡಿದಲ್ಲಿ ಸಣ್ಣ ಒಕ್ಕಲಿಗನು ಯಾರಿಗೂ ಹಿಂದೆಬೀಳುವದಿಲ್ಲವೆಂಬುದಕ್ಕೆ ಇದು ಸಾಕ್ಷಿಯಾಗಿದೆ.

ಇದಕ್ಕೆ ವಿರುದ್ಧವಾದ ಪಾಠವು 1997–98ರಲ್ಲಿ ಬಂದಿತು. ಅಕಾಲದ ಮೋಡ ಮಳೆಗಳೊಡನೆ ಕಾಯಿಕೊರಕ ಹುಳುವು ಬೀದರ, ಕಲಬುರಗಿ ಜಿಲ್ಲೆಗಳ ತೊಗರಿಯನ್ನು ತಿಂದು ಹಾಕಿತು. ಔಷಧಿಯ ಮೇಲೆ ಔಷಧಿ ಸಿಂಪಡಿಸಿದರೂ ಹುಳು ಸಾಯಲಿಲ್ಲ. ಸಾಲವು ಮಾತ್ರ ಬೆಳೆಯಿತು. ಅನೇಕ ಒಕ್ಕಲಿಗರು ಪ್ರಾಣವನ್ನೇ ಕಳೆದುಕೊಂಡರು. ಸಿಂಪಡಣೆಯನ್ನು ಕಲಿಸಿದವರು ಬಹಳ. ಕೆಟ್ಟಾಗ ಜೊತೆಗೆ ನಿಂತವರು ವಿರಳ.

ಆ ಸಂಕಟದಲ್ಲಿ ಹಿರಿಯರ ಒಂದು ರೂಢಿಯು ನೆರವಿಗೆ ಬಂದಿತು. ಗಿಡವನ್ನು ಮೆಲ್ಲನೆ ಅಲುಗಿಸಿ ಹುಳುಗಳನ್ನು ಕೆಳಗೆ ಹಾಸಿದ ಬಟ್ಟೆಯಲ್ಲಿ ಕೆಡವಿ ನಾಶಪಡಿಸುವ ಆ ಪದ್ಧತಿಯನ್ನು ವಿಜ್ಞಾನಿಗಳು ಪರೀಕ್ಷಿಸಿ ಉಪಯುಕ್ತವೆಂದು ಒಪ್ಪಿದರು. ಮನೆಮಂದಿಯೆಲ್ಲ ಕೂಡಿ ಮಾಡಬಹುದಾದ ಈ ಕೆಲಸಕ್ಕೆ ಸಾಲ ಬೇಡ. ಒಕ್ಕಲಿಗನು ಕೇವಲ ಶಿಷ್ಯನಲ್ಲ, ಕೆಲವೊಮ್ಮೆ ಗುರುವೂ ಅಹುದೆಂದು ಇದರಿಂದ ತಿಳಿಯುವದು.

ಕೂಡಿ ನಿಂತವರ ಪ್ರಯೋಗ

ಆಳಂದಕ್ಕೆ ಮೂಡಲಿಗಿರುವ ಕಮಲಾಪುರ ಸೀಮೆಯಲ್ಲಿ 1980ರ ದಶಕದ ನಡುವಿನಿಂದ ರಾಜ್ಯ ಸರಕಾರ, ಸ್ವಿಟ್ಜರ್‌ಲೆಂಡಿನ ನೆರವಿನ ಸಂಸ್ಥೆ ಮತ್ತು ಮೈರಾಡ ಎಂಬ ಸೇವಾಸಂಸ್ಥೆ ಈ ಮೂವರು ಕೂಡಿ ಜಲಾನಯನದ ಕಾರ್ಯವನ್ನು ಕೈಕೊಂಡರು. ಹಿಂದೆ ಒಡ್ಡು ಏಳದಿದ್ದುದಕ್ಕೆ ಯಾವುದು ಕಾರಣವಾಗಿತ್ತೋ ಅದನ್ನೇ ಅವರು ಹಿಡಿದರು. ಒಬ್ಬರನ್ನೊಬ್ಬರು ನಂಬುವ ಸಣ್ಣ ಗುಂಪುಗಳು, ಅವುಗಳಿಗೆ ತಮ್ಮದೇ ಉಳಿತಾಯ, ತಮ್ಮೊಳಗೇ ಸಾಲ. ಆ ಮೇಲೆ ಒಡ್ಡು. 1992ರಲ್ಲಿ ನಬಾರ್ಡ ಬ್ಯಾಂಕು ಇಂತಹ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಕಾರ್ಯವನ್ನು ಆರಂಭಿಸಿದಾಗ ಮೈರಾಡದ ಅನುಭವವು ಅದಕ್ಕೆ ಒಂದು ಆಧಾರವಾಯಿತು.

ವರ್ತಮಾನ ಸ್ಥಿತಿ

ಈಗ ಕಲಿಸುವವರ ಕೊರತೆಯು ಹಿಂದಿನಷ್ಟಿಲ್ಲ. ಕಲಬುರಗಿಯ ಆಳಂದ ರಸ್ತೆಯಲ್ಲಿರುವ ಕೃಷಿ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ರಾಯಚೂರ ಕೃಷಿ ವಿಶ್ವವಿದ್ಯಾಲಯದ ಅಂಗಗಳಾಗಿ ಕಾರ್ಯಮಾಡುತ್ತಿವೆ. ಹೋಬಳಿಗಳಲ್ಲಿ ರೈತ ಸಂಪರ್ಕ ಕೇಂದ್ರಗಳಿವೆ. ಟ್ರೈಕೊಡರ್ಮಾ ಎಂಬ ಮಿತ್ರ ಶಿಲೀಂಧ್ರದಿಂದ ಬೀಜೋಪಚಾರ, ತೊಗರಿಯ ಕುಡಿ ಚಿವುಟುವಿಕೆ, ಹೂವಿನ ಕಾಲದ ಪೋಷಕ ಸಿಂಪಡಣೆ ಇವು ಇಂದಿನ ಪಾಠಗಳು. 2019ರಲ್ಲಿ ಕಲಬುರಗಿಯ ತೊಗರಿಬೇಳೆಗೆ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು.

ಆದರೆ 2020ನೆಯ ಅಕ್ಟೋಬರದಲ್ಲಿ ಭೀಮೆಯ ಮಹಾಪೂರವು ಅಫಜಲಪುರ, ಜೇವರ್ಗಿಗಳ ಹೊಲಗಳನ್ನು ಮುಳುಗಿಸಿತು. 2022ರಲ್ಲಿ ನೆಟೆ ರೋಗವು ಮರಳಿ ತೊಗರಿಯನ್ನು ಒಣಗಿಸಿತು. ಪಾಠ ಬಲ್ಲವನೂ ಅಂದು ಬಲ್ಲದವನೊಡನೆ ಸಮನಾಗಿ ನಷ್ಟವುಂಡನು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲು ವಿಮೆಯಲ್ಲಿ ಆಹಾರಧಾನ್ಯಗಳಿಗೆ ಒಕ್ಕಲಿಗನ ಕಂತು ಮುಂಗಾರಿಗೆ ನೂರಕ್ಕೆ 2, ಹಿಂಗಾರಿಗೆ ನೂರಕ್ಕೆ 1.5 ಇರುವದು. ಇದು ಟೆರೆಲ್ ಊರಿನ ನಿಧಿಯ ದೊಡ್ಡ ರೂಪವೆನ್ನಬಹುದು. ಮುಖ್ಯ ಬೆಳೆಗಳಲ್ಲಿ ನಷ್ಟವನ್ನು ಗ್ರಾಮಪಂಚಾಯತಿಯ ಸರಾಸರಿಯಿಂದ ಅಳೆಯುವದರಿಂದ, ಊರು ಬೆಳೆದ ವರ್ಷ ತಾನೊಬ್ಬನೇ ಕೆಟ್ಟವನು ಇದರ ನೆರಳಿಗೆ ಸಿಗದೆ ಉಳಿಯುತ್ತಾನೆ. ಹೊಸದನ್ನು ಮೊದಲು ಮಾಡಿ ನೋಡುವ ಧೈರ್ಯಶಾಲಿಯೇ ಹೀಗೆ ಹೊರಗುಳಿಯುವವನು.

ಉಪಸಂಹಾರ

ಭಕ್ತ ಮಹಾಶಯರೇ, ಈ ಅಂತರವನ್ನು ತುಂಬುವ ಶಕ್ತಿಯು ಹಳ್ಳಿಯಲ್ಲಿಯೇ ಇರುವದು. ಮಠದ ಹೊಲವಿದ್ದಲ್ಲಿ ಹೊಸ ತಳಿಯ ಮೊದಲನೆಯ ಬಿತ್ತಿಗೆಯು ಅಲ್ಲಿಯೇ ಆಗಲಿ. ಕೆಟ್ಟರೆ ಮಠವು ತಾಳಿಕೊಳ್ಳಬಲ್ಲದು, ಗೆದ್ದರೆ ಬೀಜವು ಪ್ರಸಾದದಂತೆ ಹಂಚಲ್ಪಡಲಿ. ಜಾತ್ರೆಯ ಕಾಲದಲ್ಲಿ ಒಂದು ದಿವಸ ಬೀಜದ ಮಾತಿಗೆ ಮೀಸಲಾಗಲಿ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲಿ ಕೂಡಿ ಉಣ್ಣುವ ನೆರೆಹೊರೆಯವರು ಆ ದಿವಸವೇ ಪ್ರಯೋಗ ಮಾಡುವವನಿಗಾಗಿ ತಲಾ ಒಂದು ಸೇರು ಕಾಳನ್ನು ತೆಗೆದಿಡಲಿ. ಕಲಿಸುವ ವಿದ್ಯೆಗೆ ತಾಳುವ ಬೆನ್ನು ಬೇಕು. ಆ ಬೆನ್ನು ಒಬ್ಬನದಾದರೆ ಮುರಿಯುವದು, ಊರಿನದಾದರೆ ನಿಲ್ಲುವದು.

ಕಾಯಕದಲ್ಲಿ ಅರಿವೂ, ದಾಸೋಹದಲ್ಲಿ ಆಸರೆಯೂ ಒಕ್ಕಲಿಗನಿಗೆ ದೊರೆಯಲಿ. ಮಳೆ ಹದವಾಗಿ ಬರಲಿ. ಕಣಗಳು ತುಂಬಲಿ ಎಂದು ಪರಶಿವನಲ್ಲಿ ಬೇಡಿಕೊಂಡು ಈ ಲೇಖನವನ್ನು ಮುಗಿಸುತ್ತೇನೆ.