ಸ್ಪ್ಯಾನಿಷ್ ಭಾಷೆಯ ಪಕ್ಷಾರ್ಥ ಕ್ರಿಯಾರೂಪದ ಚರಿತ್ರೆ

ವ್ಯಾಕರಣದಲ್ಲಿ ಒಂದು ರೂಪಕ್ಕೆ ಇಟ್ಟ ಹೆಸರು ಅದರ ಸ್ವಭಾವವನ್ನು ತಿಳಿಸುವ ಬದಲು ಮರೆಮಾಡುವುದೂ ಉಂಟು. ಸ್ಪ್ಯಾನಿಷ್ ಭಾಷೆಯ ‘ಕಂತರೀಆ’ ಎಂಬ ಕ್ರಿಯಾರೂಪವು ಇದಕ್ಕೆ ಒಳ್ಳೆಯ ನಿದರ್ಶನ. ‘ಕಂತಾರ್’ ಎಂದರೆ ಹಾಡುವುದು. ‘ಕಂತರೀಆ’ ಎಂದರೆ, ತಕ್ಕ ನಿಮಿತ್ತವು ಒದಗಿದ್ದರೆ, ‘ಹಾಡುತ್ತಿದ್ದೆನು’ ಎಂದು ಸಾಮಾನ್ಯವಾಗಿ ಅರ್ಥ ಹೇಳುವರು. ವೈಯಾಕರಣರು ಇದನ್ನು ಒಮ್ಮೆ ಸಂಶಯಾರ್ಥದಲ್ಲಿ ಸೇರಿಸಿದರು, ಒಮ್ಮೆ ಶಕ್ಯಾರ್ಥವೆಂದರು, ಮತ್ತೊಮ್ಮೆ ಪಕ್ಷಾರ್ಥವೆಂದರು. ಆದರೆ ಈ ರೂಪದ ಹುಟ್ಟನ್ನು ಪರಿಶೀಲಿಸಿದರೆ, ಇದು ಮೂಲತಃ ಕಾಲವಾಚಕವೆಂದೂ, ಪಕ್ಷಾರ್ಥವು ಅದರಿಂದ ಕವಲೊಡೆದುದೆಂದೂ ಸ್ಪಷ್ಟವಾಗುವುದು.

ಸ್ಪ್ಯಾನಿಷಿನ ಮೂಲವಾದ ಲ್ಯಾಟಿನ್ ಭಾಷೆಯಲ್ಲಿ ಈ ರೂಪವೇ ಇರಲಿಲ್ಲ. ‘ಹೀಗಾಗಿದ್ದರೆ ಹೀಗಾಗುತ್ತಿತ್ತು’ ಎಂಬ ಭಾವಕ್ಕೆ ಲ್ಯಾಟಿನ್ ಗ್ರಂಥಕಾರರು ಎರಡು ವಾಕ್ಯಾಂಗಗಳಲ್ಲಿಯೂ ಸಂಶಯಾರ್ಥದ ರೂಪಗಳನ್ನೇ ಬಳಸುತ್ತಿದ್ದರು. ಕಾಲಕ್ರಮದಲ್ಲಿ ಆಡುಮಾತಿನ ಬಕಾರ ವಕಾರಗಳು ಒಂದಾದುವು. ಆಗ ‘ಕಂತಾಬಿಟ್’ (ಹಾಡುವನು) ಮತ್ತು ‘ಕಂತಾವಿಟ್’ (ಹಾಡಿದನು) ಎಂಬ ರೂಪಗಳ ಭೇದವು ಕಿವಿಗೆ ತಿಳಿಯದಾಯಿತು. ಹಳೆಯ ಭವಿಷ್ಯದ್ರೂಪವು ಹೀಗೆ ದುರ್ಬಲವಾಗುತ್ತಿರಲು, ಭಾವರೂಪದ ಮುಂದೆ ‘ಉಳ್ಳೆನು’ ಎಂಬರ್ಥದ ‘ಹಬೆಓ’ ಕ್ರಿಯೆಯನ್ನು ಸೇರಿಸಿ ಹೇಳುವ ರೂಢಿ ಬಲವಾಯಿತು. ಇಂಥ ಪ್ರಯೋಗಗಳು ಕ್ರಿ.ಶ. ಸುಮಾರು 200ರಲ್ಲಿದ್ದ ಟೆರ್ಟುಲಿಯನ್ನನ ಬರೆವಣಿಗೆಯಲ್ಲಿಯೇ ದೊರೆಯುವುವು. ‘ಕಂತಾರೆ ಹಬೆಓ’ ಎಂದರೆ ‘ನನಗೆ ಹಾಡುವುದಿದೆ’. ‘ಕಂತಾರೆ ಹಬೇಬಾಮ್’ ಎಂದರೆ ‘ನನಗೆ ಹಾಡುವುದಿತ್ತು’. ಮೊದಲನೆಯದು ಸವೆದು ‘ಕಂತರೇ’ (ಹಾಡುವೆನು) ಎಂಬ ಭವಿಷ್ಯದ್ರೂಪವಾಯಿತು; ಎರಡನೆಯದು ಸವೆದು ‘ಕಂತರೀಆ’ ಆಯಿತು. ‘ನಾಳೆ ಊರಿಗೆ ಹೋಗುವುದಿದೆ’, ‘ನಿನ್ನೆ ಊರಿಗೆ ಹೋಗುವುದಿತ್ತು’ ಎಂದು ನಿತ್ಯವೂ ಆಡುವ ಕನ್ನಡಿಗರಿಗೆ ಈ ಅರ್ಥಪರಿಣಾಮವು ಸುಲಭವಾಗಿ ಗ್ರಾಹ್ಯವಾಗುವುದು. ನಡೆಯಬೇಕಾಗಿದ್ದುದು ಅನೇಕವೇಳೆ ನಡೆಯದೆ ಉಳಿಯುವುದರಿಂದ, ‘ಹೋಗುವುದಿತ್ತು’ ಎಂಬುದರಲ್ಲಿಯೇ ‘ಹೋಗಲಿಲ್ಲ’ ಎಂಬ ಧ್ವನಿಯು ಅಡಗಿದೆ. ಪಕ್ಷಾರ್ಥದ ಬೀಜವು ಇದೇ.

ಎರಡು ಪದಗಳು ಕೂಡಿ ಒಂದಾದುವೆಂಬುದು ಕೇವಲ ಊಹೆಯಲ್ಲ. ಹಳೆಯ ಸ್ಪ್ಯಾನಿಷಿನಲ್ಲಿ ಅವುಗಳ ನಡುವಣ ಬಿರುಕು ಇನ್ನೂ ಮುಚ್ಚಿರಲಿಲ್ಲ. ‘ಅದನ್ನು ಕೊಡುತ್ತಿದ್ದೆನು’ ಎಂಬುದನ್ನು ‘ದಾರ್ ಲೊ ಈಆ’ ಎಂದು, ಸರ್ವನಾಮವನ್ನು ನಡುವೆ ಇಟ್ಟು, ಹೇಳಬಹುದಾಗಿತ್ತು. 1207ರ ಮೂಲದಿಂದ 14ನೆಯ ಶತಮಾನದಲ್ಲಿ ಪ್ರತಿಮಾಡಿದ ಹಸ್ತಪ್ರತಿಯಲ್ಲಿ ಉಳಿದುಬಂದಿರುವ ‘ಕಂತಾರ್ ದೆ ಮಿಓ ಸಿದ್’ ಎಂಬ ವೀರಕಾವ್ಯದಲ್ಲಿ ಇಂಥ ಬಿಡಿರೂಪಗಳುಂಟು. 17ನೆಯ ಶತಮಾನದ ವೇಳೆಗೆ ಸ್ಪ್ಯಾನಿಷಿನಲ್ಲಿ ಇವು ಅಳಿದುವು. ನೆರೆಯ ಪೋರ್ಚುಗೀಸ್ ಭಾಷೆಯ ಗ್ರಾಂಥಿಕ ಶೈಲಿಯಲ್ಲಿ ಇಂದಿಗೂ ಉಳಿದಿವೆ.

ಈ ಹುಟ್ಟಿನಿಂದಲೇ ರೂಪರಚನೆಯ ಸರಳತೆಯೂ ತಿಳಿಯುವುದು. ಇತರ ಕಾಲಗಳಲ್ಲಿ ಪ್ರತ್ಯಯವು ಧಾತುವಿಗೆ ಸೇರಿದರೆ, ಇಲ್ಲಿ ಇಡಿಯ ಭಾವರೂಪಕ್ಕೆ ಸೇರುವುದು. ಆದುದರಿಂದ ‘ಆರ್’, ‘ಏರ್’, ‘ಈರ್’ ಎಂಬ ಮೂರು ಗಣಗಳಿಗೂ ಪ್ರತ್ಯಯಗಳು ಒಂದೇ: ಈಆ, ಈಆಸ್, ಈಆ, ಈಆಮೊಸ್, ಈಆಇಸ್, ಈಆನ್. ವಿಕಾರವು ಕಾಣುವುದು ಸುಮಾರು ಹನ್ನೆರಡು ಮೂಲಕ್ರಿಯೆಗಳಲ್ಲಿ ಮಾತ್ರ. ‘ಪೊದೇರ್’ ಎಂಬಲ್ಲಿ ಸ್ವರಲೋಪದಿಂದ ‘ಪೊದ್ರೀಆ’ ಎಂದಾಗುವುದು. ‘ತೆನೇರ್’ ಎಂಬಲ್ಲಿ ಸ್ವರವು ಲೋಪವಾಗಿ, ನಕಾರ ರೇಫಗಳ ನಡುವೆ ದಕಾರವು ಆಗಮವಾಗಿ ‘ತೆಂದ್ರೀಆ’ ಎಂದಾಗುವುದು. ಹಿಂದೆ ಇದಕ್ಕೆ ಪ್ರತಿಯಾಗಿ, ವರ್ಣವ್ಯತ್ಯಯದಿಂದಾದ ‘ತೆರ್ನೀಆ’ ಎಂಬ ರೂಪವೂ ಇತ್ತು. ‘ಅಸೇರ್’, ‘ದೆಸೀರ್’ ಎಂಬೆರಡು ಸಂಕೋಚಗೊಂಡು ‘ಅರೀಆ’, ‘ದಿರೀಆ’ ಎಂದಾದುವು. ಇದೇ ವಿಕಾರಗಳು ಭವಿಷ್ಯದ್ರೂಪದಲ್ಲಿಯೂ ಹಾಗೆಯೇ ಇವೆ. ಇವೆರಡೂ ಒಂದೇ ಬಸಿರಿನ ಮಕ್ಕಳೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಂಸ್ಕೃತಜ್ಞರಿಗೆ ಇಲ್ಲಿ ಲೃಙ್ ಲಕಾರವು ನೆನಪಿಗೆ ಬರದಿರದು. ‘ಭವಿಷ್ಯತಿ’ ಎಂಬ ಲೃಟ್ಟಿನ ಅಂಗಕ್ಕೆ ಭೂತಕಾಲದ ಅಡಾಗಮವೂ ಪ್ರತ್ಯಯವೂ ಸೇರಿ ‘ಅಭವಿಷ್ಯತ್’ ಎಂದಾಗುವುದು. ಎಂದರೆ, ಅದೂ ಭವಿಷ್ಯತ್ತಿನ ಭೂತವೇ. ಪಾಣಿನಿಯು ಅದಕ್ಕೆ ಕ್ರಿಯಾತಿಪತ್ತಿಯೆಂಬ ಅರ್ಥವನ್ನು ವಿಧಿಸಿರುವನು. ಆದರೆ ಋಗ್ವೇದದಲ್ಲಿ ಈ ಲಕಾರವು ಒಮ್ಮೆ ಮಾತ್ರ (2-30-2) ‘ಅಭರಿಷ್ಯತ್’ ಎಂದು ಬಂದಿದೆ. ಅಲ್ಲಿ ಅದರ ಅರ್ಥವು ‘ಒಯ್ಯಲಿದ್ದನು’ ಎಂದು. ದೂರದ ಎರಡು ಭಾಷೆಗಳು ಬೇರೆಬೇರೆ ಸಾಮಗ್ರಿಯಿಂದ ಒಂದೇ ಕಟ್ಟಡವನ್ನು ಕಟ್ಟಿರುವುದು ಗಮನಾರ್ಹವಾಗಿದೆ.

ಪ್ರಯೋಗಗಳೂ ಇದನ್ನೇ ಸಮರ್ಥಿಸುವುವು. ‘ದೀಹೊ ಕೆ ವೆಂದ್ರೀಆ’ ಎಂದರೆ ‘ತಾನು ಬರುವೆನೆಂದು ಹೇಳಿದನು’. ಇಲ್ಲಿ ಯಾವ ಪಕ್ಷವೂ ಇಲ್ಲ, ಭೂತದಲ್ಲಿ ನಿಂತು ಕಂಡ ಭವಿಷ್ಯತ್ತು ಮಾತ್ರ ಇದೆ. ಭವಿಷ್ಯದ್ರೂಪದಿಂದ ‘ಸೆರಾನ್ ಲಾಸ್ ದಿಏಸ್’ ಎಂದರೆ ‘ಈಗ ಗಂಟೆ ಹತ್ತಾಗಿರಬೇಕು’ ಎಂಬ ಊಹೆ. ‘ಸೆರೀಆನ್ ಲಾಸ್ ದಿಏಸ್’ ಎಂದರೆ ‘ಆಗ ಗಂಟೆ ಹತ್ತಾಗಿದ್ದಿರಬೇಕು’ ಎಂದು. ಇನ್ನು ‘ಹಣವಿದ್ದಿದ್ದರೆ ಮನೆಯನ್ನು ಕೊಳ್ಳುತ್ತಿದ್ದೆನು’ ಎಂಬಂಥ ವಾಕ್ಯದಲ್ಲಿ ಈ ರೂಪವು ಫಲವನ್ನು ಹೇಳುವ ಅಂಗದಲ್ಲಿ ಮಾತ್ರ ಬರುವುದು. ಪಕ್ಷವನ್ನು ಹೇಳುವ ಅಂಗದಲ್ಲಿ ‘ತುವಿಏರಾ’ ಎಂಬಂಥ ಸಂಶಯಾರ್ಥದ ರೂಪವೇ ಶಿಷ್ಟಸಮ್ಮತ. ಬಾಸ್ಕ್ ಪ್ರಾಂತ್ಯದಲ್ಲಿಯೂ ಅದರ ಸುತ್ತಲಿನ ಉತ್ತರ ಸ್ಪೇನಿನಲ್ಲಿಯೂ ಜನರು ಅಲ್ಲಿಯೂ ‘ತೆಂದ್ರೀಆ’ ಎನ್ನುವುದುಂಟು. ಅದನ್ನು ವ್ಯಾಕರಣಗ್ರಂಥಗಳು ದೋಷವೆಂದು ಎಣಿಸುವುವು. ಪಕ್ಷಾರ್ಥವೆಂದು ಹೆಸರು ಪಡೆದ ರೂಪವು ಪಕ್ಷವನ್ನೇ ಹೇಳಲಾರದೆಂಬುದು ಆ ಹೆಸರಿನ ಕೊರತೆಯನ್ನು ತೋರಿಸುವುದು.

1492ರಲ್ಲಿ ಸಲಮಾಂಕಾದಲ್ಲಿ ಅಚ್ಚಾದ ತನ್ನ ಕಾಸ್ಟಿಲಿಯನ್ ವ್ಯಾಕರಣದಲ್ಲಿ ಆಂತೋನಿಯೋ ದೆ ನೆಬ್ರಿಹಾ ಈ ರೂಪದ ಸಮಾಸಸ್ವಭಾವವನ್ನು ಸರಿಯಾಗಿ ಕಂಡಿದ್ದನು. ಆದರೂ ಲ್ಯಾಟಿನ್ ವ್ಯಾಕರಣದ ಚೌಕಟ್ಟಿಗೆ ಕಟ್ಟುಬಿದ್ದು, ಅದನ್ನು ಸಂಶಯಾರ್ಥದಲ್ಲಿಯೇ ಇಟ್ಟನು. 1713ರಲ್ಲಿ ಸ್ಥಾಪಿತವಾದ ಸ್ಪ್ಯಾನಿಷ್ ರಾಜಪರಿಷತ್ತು ಬಹುಕಾಲ ಅದೇ ದಾರಿಯನ್ನು ಹಿಡಿಯಿತು. ಕರಾಕಸ್ಸಿನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲಸಿದ ಆಂದ್ರೇಸ್ ಬೆಯ್ಯೊ (1781–1865) 1847ರ ವ್ಯಾಕರಣದಲ್ಲಿ ಲ್ಯಾಟಿನ್ನಿನ ಮಾದರಿಯನ್ನು ಬಿಟ್ಟು, ಸ್ಪ್ಯಾನಿಷಿನ ಪ್ರಯೋಗಗಳನ್ನೇ ಆಧಾರವಾಗಿಟ್ಟುಕೊಂಡು, ಇದನ್ನು ನಿಶ್ಚಯಾರ್ಥದ ಒಂದು ಕಾಲವೆಂದು ನಿರ್ಣಯಿಸಿ, ‘ಭೂತಾನಂತರಕಾಲ’ವೆಂಬ ಅರ್ಥದ ಹೆಸರಿಟ್ಟನು. ಪರಿಷತ್ತು 1917ರಲ್ಲಿ ಇದನ್ನು ಶಕ್ಯಾರ್ಥವೆಂಬ ಪ್ರತ್ಯೇಕ ವಿಭಾಗವಾಗಿ ಮಾಡಿತು. 1973ರ ಕರಡು ವ್ಯಾಕರಣದಲ್ಲಿ ನಿಶ್ಚಯಾರ್ಥಕ್ಕೆ ಸೇರಿಸಿತು. 2009ರ ಹೊಸ ವ್ಯಾಕರಣದಲ್ಲಿಯೂ ಅದನ್ನೇ ಎತ್ತಿಹಿಡಿಯಿತು. ಸ್ಥಾನವು ಸರಿಯಾದರೂ ಪಕ್ಷಾರ್ಥವೆಂಬ ಹೆಸರು ಉಳಿಯಿತು.

ಹೆಸರಿನ ಈ ಚರ್ಚೆಯು ಬರಿಯ ಪಾಂಡಿತ್ಯವಿನೋದವಲ್ಲ. ಪಕ್ಷಾರ್ಥವೆಂದು ಕಲಿತ ವಿದ್ಯಾರ್ಥಿಗೆ ಈ ರೂಪದ ಅರ್ಧ ಪ್ರಯೋಗಗಳು ಅಪವಾದಗಳಾಗಿ ಕಾಣುವುವು. ‘ಆಗುವುದಿತ್ತು’ ಎಂಬ ಮೂಲಾರ್ಥದಿಂದ ಹೊರಟವನಿಗೆ ಅಪವಾದಗಳೆಲ್ಲ ನಿಯಮದೊಳಗೇ ಬಂದು ಸೇರುವುವು. ಒಂದು ಭಾಷೆಯ ರೂಪಗಳಿಗೆ ಬೇರೊಂದು ಭಾಷೆಯ ವ್ಯಾಕರಣದಿಂದ ಹೆಸರುಗಳನ್ನು ತಂದಿಡುವ ಮೊದಲು, ಆ ರೂಪಗಳ ಚರಿತ್ರೆಯನ್ನು ವಿಚಾರಿಸುವುದು ಅವಶ್ಯಕವೆಂಬುದನ್ನು ಬೆಯ್ಯೊವಿನ ನಿರ್ಣಯವು ತೋರಿಸಿಕೊಟ್ಟಿದೆ.