ನರಗುಂದದ ಗುಡ್ಡ ನೋಡುತ್ತ ಕಲಿತ ಪಾಠ

1619ರಲ್ಲೇ ಅಮೆರಿಕದ ವರ್ಜೀನಿಯಾ ವಸಾಹತಿನಲ್ಲಿ ನೆಲೆಸಿದ ಇಂಗ್ಲಿಷರು ತಮ್ಮ ಪ್ರತಿನಿಧಿಗಳ ಸಭೆ ಸೇರಿಸಿದ್ದರೆಂದು ಇತಿಹಾಸದ ಗುರುಗಳು ನಮಗೆ ಹೇಳಿದರು. ಆಮೇಲೆ ಕಿಟಕಿಯಾಚೆಯ ಗುಡ್ಡ ತೋರಿಸಿ, “ಅದೇ ಇಂಗ್ಲಿಷರು ಇಲ್ಲಿ ಯಾರ ಮಾತು ಕೇಳಿದ್ರಪಾ?” ಎಂದರು.

ವಾರಸುದಾರರಿಲ್ಲದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರು ದತ್ತಕಕ್ಕೆ ಅನುಮತಿ ಬೇಡಿದರು, ಸರಕಾರ ನಿರಾಕರಿಸಿತು. ಮೇಲೆ ಆಯುಧ ಒಪ್ಪಿಸುವ ಹುಕುಂ ಬಂತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಕೆಲವೇ ದಿನಗಳಲ್ಲಿ ಕೋಟೆ ಬಿತ್ತು. ಜೂನ್ 12ರಂದು ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನವೂ ಹೋಯಿತು.

ತಮ್ಮವರಿಗೆ ಕೊಟ್ಟ ಸಭೆಯನ್ನು ಅವರು ನಮಗೆ ಕೊಡಲಿಲ್ಲ. ಗ್ರಾಮಸಭೆಯಲ್ಲಿ ಕೈ ಎತ್ತುವಾಗಲೆಲ್ಲ ಗುರುಗಳ ಆ ಪ್ರಶ್ನೆ ನೆನಪಾಗುತ್ತದೆ. ಐವತ್ತು ತುಂಬಿದ ನಮ್ಮ ಶಾಲೆಗೆ ನಮಸ್ಕಾರ.