ಆಸ್ಪತ್ರೆಯ ಹೆಸರು, ನಮ್ಮ ನಾಲಿಗೆ

“ನಿನ್ನನ್ನು ನಿಮ್ಹಾನ್ಸ್‌ಗೆ ಸೇರಿಸಬೇಕು” ಎಂಬ ಕುಚೋದ್ಯವನ್ನು ನಮ್ಮಲ್ಲಿ ಹಲವರು ಬಾಲ್ಯದಿಂದಲೂ ಬಲ್ಲೆವು. ಆ ಸಂಸ್ಥೆಯ ಚರಿತ್ರೆಯನ್ನು ಬಲ್ಲವರು ವಿರಳ.

1847ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಲೂನಟಿಕ್ ಅಸೈಲಂ’, ಮೈಸೂರು ಸಂಸ್ಥಾನದ ಆಡಳಿತದಲ್ಲಿ, 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಮರುನಾಮಕರಣಗೊಂಡಿತು. 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಅದರ ಜೊತೆಗೂಡಿತು. 1974ರಲ್ಲಿ ಎರಡೂ ಒಂದಾಗಿ ನಿಮ್ಹಾನ್ಸ್ ಆಯಿತು. ಆದರೂ ಜನರ ಬಾಯಲ್ಲಿ ಅದು ಬಹುಕಾಲ ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು. ಆ ಹೆಸರಿಗೆ ಅಂಜಿದವರು ಚಿಕಿತ್ಸೆಯಿಂದಲೇ ದೂರ ಉಳಿದರು.

ಕಡೆಗೆ ಚಿಕಿತ್ಸೆಯೇ ರೋಗಿಗಳ ಊರಿಗೆ ಹೋಯಿತು. 1980ರ ದಶಕದಲ್ಲಿ ನಿಮ್ಹಾನ್ಸ್, ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಹಾಗೂ ಸಿಬ್ಬಂದಿಗೆ ತರಬೇತಿ ನೀಡಿತು. ಜ್ವರಕ್ಕೆ ಮದ್ದು ಕೊಡುವ ಕೇಂದ್ರದಲ್ಲಿಯೇ ಮನಸ್ಸಿನ ಬೇನೆಗೂ ಮದ್ದು ದೊರೆಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಪ್ರಯೋಗವೇ ಮಾದರಿಯಾಯಿತು.

ಪರದೇಶದಲ್ಲಿರುವ ನಾವು ಸಕ್ಕರೆ ಕಾಯಿಲೆಯನ್ನು ಊರಿನ ಹಿರಿಯರಿಗೆ ದೂರವಾಣಿಯಲ್ಲಿ ತಿಳಿಸುತ್ತೇವೆ. ಮಗಳ ಖಿನ್ನತೆಯನ್ನು ಮರೆಮಾಚುತ್ತೇವೆ. ಮದುವೆಗೆ ಅಡ್ಡಿಯಾದೀತೆಂಬ ಭಯ ನಮ್ಮೊಡನೆಯೇ ಸಾಗರ ದಾಟಿ ಬಂದಿದೆ. ಬಳ್ಳಾರಿಯ ಹಳ್ಳಿಗಳಲ್ಲಿ ಜ್ವರದ ಸಾಲಿನಲ್ಲಿಯೇ ಚಿಕಿತ್ಸೆ ಪಡೆದ ಈ ಬೇನೆಯನ್ನು ನಮ್ಮ ಮನೆಗಳಲ್ಲಿಯೂ ಹಾಗೆಯೇ ಹೆಸರಿಟ್ಟು ಮಾತನಾಡೋಣ. ಆ ಹಳೆಯ ಕುಚೋದ್ಯವನ್ನು ಮಕ್ಕಳಿಗೆ ದಾಟಿಸದಿರೋಣ.